ಕೆಂಪು ಮಾತ್ರೆ ನಿಂತ ಮೇಲೆ

ಕಾಮಸಮುದ್ರದ ಕಡೆಯ ಕ್ಷಯರೋಗಿಗೆ ಟಿ.ಬಿ. ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುತ್ತದೆ. ಸಕ್ಕರೆ ಕಾಯಿಲೆಯೂ ಇದ್ದರೆ ಶುಗರ್ ಮಾತ್ರೆಗೆ ಅದೇ ಮನುಷ್ಯ ಬಂಗಾರಪೇಟೆಯಲ್ಲೋ ಕೆ.ಜಿ.ಎಫ್.ನಲ್ಲೋ, ಗಡಿಯಾಚೆ ಕುಪ್ಪಂನಲ್ಲೋ ಬೇರೆ ಡಾಕ್ಟರರನ್ನು ನೋಡುತ್ತಿರಬಹುದು. ಇಬ್ಬರು ಡಾಕ್ಟರರ ಚೀಟಿಗಳೂ ಒಂದೇ ಮೇಜಿಗೆ ಬರುವುದು ಅಪರೂಪ. ಮಾತ್ರೆಗಳು ಮಾತ್ರ ದಿನವೂ ಲಿವರಿನಲ್ಲಿ ಎದುರಾಗುತ್ತವೆ.

ಟಿ.ಬಿ. ಮಾತ್ರೆಯಲ್ಲಿರುವ ಮುಖ್ಯ ಆಂಟಿಬಯೋಟಿಕ್ ರಿಫಾಂಪಿಸಿನ್, ಇಟ್ಟಿಗೆಗೆಂಪು ಪುಡಿ. ಮೂತ್ರ, ಬೆವರು, ಕಣ್ಣೀರು ಕಿತ್ತಳೆ ಬಣ್ಣಕ್ಕೆ ತಿರುಗುವುದು ಇದರಿಂದಲೇ, ಗಾಬರಿ ಬೇಡ. 1957ರಲ್ಲಿ ಫ್ರಾನ್ಸಿನ ಕಡಲತೀರದ ಪೈನ್ ಕಾಡಿನ ಮಣ್ಣಿನಲ್ಲಿ ಸಿಕ್ಕ ಬ್ಯಾಕ್ಟೀರಿಯಾ ಇದರ ಮೂಲ. ಕೆ.ಜಿ.ಎಫ್.ನ ಗಣಿ ಸೀಮೆಗೆ ಇದು ಬೇಕಾದ ಔಷಧ. ಕಲ್ಲಿನ ಧೂಳು ಕುಡಿದ ಶ್ವಾಸಕೋಶಕ್ಕೆ ಕ್ಷಯ ಬೇಗ ತಗಲುತ್ತದೆ. 2001ರಲ್ಲಿ ಗಣಿ ಮುಚ್ಚಿದರೂ ಎದೆಗಿಳಿದ ಧೂಳು ಅಲ್ಲೇ ಉಳಿದಿದೆ. ಸಕ್ಕರೆ ಕಾಯಿಲೆಯೂ ಕ್ಷಯಕ್ಕೆ ದಾರಿ ಮಾಡಿಕೊಡುತ್ತದೆ.

ಗಣಿಯಿಂದ ಮೇಲೆ ಬಂದ ಅದಿರನ್ನು ಗಿರಣಿಗಳು ಕುಟ್ಟುತ್ತಿದ್ದಂತೆ, ನುಂಗಿದ ಔಷಧವನ್ನು ಲಿವರಿನ ಸೈಟೋಕ್ರೋಮ್ ಪಿ450 ಕಿಣ್ವಗಳು ಒಡೆದು ಹಾಕುತ್ತವೆ. ರಿಫಾಂಪಿಸಿನ್ ಜೀವಕೋಶದೊಳಗೆ ಪಿಎಕ್ಸ್‌ಆರ್ ಎಂಬ ಪ್ರೋಟೀನಿಗೆ ಅಂಟಿಕೊಂಡು, ಈ ಕಿಣ್ವಗಳ ವಂಶವಾಹಿಗಳನ್ನು ಚುರುಕುಗೊಳಿಸುತ್ತದೆ. ಒಂದೆರಡು ವಾರದಲ್ಲಿ ಕಿಣ್ವಗಳು ಎಷ್ಟೋ ಪಟ್ಟು ಹೆಚ್ಚುತ್ತವೆ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಶುಗರ್ ಮಾತ್ರೆಗಳು ಕೆಲಸ ಮುಗಿಸುವ ಮೊದಲೇ ಪುಡಿಯಾಗುತ್ತವೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಮಾತ್ರೆ ಎರಡಕ್ಕೂ ಇದೇ ಗತಿ. ಮೋಜೆಂದರೆ, ಟಿ.ಬಿ. ಚಿಕಿತ್ಸೆಯಲ್ಲಿ ರಿಫಾಂಪಿಸಿನ್ ಜೊತೆಯಲ್ಲೇ ಇರುವ ಐಸೋನಿಯಜಿಡ್ ಕೆಲವು ಕಿಣ್ವಗಳನ್ನು ತಡೆಯುತ್ತದೆ. ಫಿಟ್ಸಿಗೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಯಾವುದರ ಕೈ ಮೇಲಾಗಿದೆ ಎಂಬುದನ್ನು ರಕ್ತಪರೀಕ್ಷೆಯೇ ಹೇಳಬೇಕು.

ಸಕ್ಕರೆ ಏರಿತೆಂದು ಡಾಕ್ಟರರು ಶುಗರ್ ಮಾತ್ರೆಯ ಡೋಸ್ ಹೆಚ್ಚಿಸುತ್ತಾರೆ, ಅಲ್ಲಿಯವರೆಗೆ ಸರಿ. ಆರು ತಿಂಗಳ ಟಿ.ಬಿ. ಚಿಕಿತ್ಸೆ ಮುಗಿದಾಗಲೇ ನನಗೆ ಹೆಚ್ಚು ಆತಂಕ. ರಿಫಾಂಪಿಸಿನ್ ನಿಂತು ಸುಮಾರು ಎರಡು ವಾರದಲ್ಲಿ ಕಿಣ್ವಗಳು ಹಳೆಯ ಮಟ್ಟಕ್ಕಿಳಿಯುತ್ತವೆ, ಹೆಚ್ಚಿಸಿದ ಡೋಸ್ ಮಾತ್ರ ಚೀಟಿಯಲ್ಲಿ ಹಾಗೇ ಇರುತ್ತದೆ. ಸಕ್ಕರೆ ಕುಸಿದು ಕೈ ನಡುಗುತ್ತದೆ, ಮೈ ಬೆವೆತು ಕಣ್ಣು ಕತ್ತಲಿಡುತ್ತದೆ. ವಾರ್ಫರಿನ್ ಆದರೆ ಒಸಡಿನಲ್ಲಿ ರಕ್ತ.

ಹಾಗೆಂದು ಟಿ.ಬಿ. ಮಾತ್ರೆಯನ್ನು ನಡುವೆ ಬಿಡುವಂತಿಲ್ಲ. ಡಾಕ್ಟರರು ಹೊಂದಿಸಬೇಕಾದದ್ದು ಜೊತೆಯ ಔಷಧವನ್ನು. ಮೆಟ್‌ಫಾರ್ಮಿನ್ ಕಿಡ್ನಿಯ ಮೂಲಕ ಹೊರಹೋಗುತ್ತದೆ, ಇನ್ಸುಲಿನ್‌ಗೂ ಈ ಕಿಣ್ವಗಳ ಗೊಡವೆಯಿಲ್ಲ. ಅದಕ್ಕೇ ಕೆಲವರಿಗೆ ಟಿ.ಬಿ. ಮುಗಿಯುವತನಕ ಇನ್ಸುಲಿನ್ ಬರೆದುಕೊಡುತ್ತಾರೆ.