ಪಡ್ಡಿನ ಹಂಚಿನಂಥ ಪ್ರಯೋಗದ ತಟ್ಟೆ



ನಿಮ್ಮ ಮನೆಯ ಪಡ್ಡಿನ ಹಂಚನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ನೆರೆಮನೆಯ ತೆಲುಗರು ಅದರಲ್ಲಿ ಗುಂತ ಪೊಂಗನಾಲು ಮಾಡುತ್ತಾರೆ, ತಮಿಳರು ಕುಳಿಪಣಿಯಾರಂ ಎನ್ನುತ್ತಾರೆ, ಮರಾಠಿಯವರು ಆಪ್ಪೆ ಎನ್ನುತ್ತಾರೆ. ಹೆಸರು ಯಾವುದಾದರೂ ಹಂಚಿನ ಗುಣ ಒಂದೇ: ಒಂದೇ ಉರಿಯ ಮೇಲೆ, ಒಂದೇ ಹೊತ್ತಿಗೆ, ಅನೇಕ ಗುಳಿಗಳಲ್ಲಿ ಬೇರೆ ಬೇರೆಯಾಗಿ ಬೇಯಿಸಬಹುದು.

ಔಷಧಗಳನ್ನು ಪರೀಕ್ಷಿಸುವ ಪ್ರಯೋಗಶಾಲೆಗಳಲ್ಲಿಯೂ ಇಂಥದೇ ಒಂದು ತಟ್ಟೆ ಇದೆ. ಅದು ಪಾರದರ್ಶಕ ಪ್ಲಾಸ್ಟಿಕ್ಕಿನದು, ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದು. ಹೆಚ್ಚಾಗಿ ಬಳಕೆಯಲ್ಲಿರುವ ತಟ್ಟೆಯಲ್ಲಿ ಸಾಲಿಗೆ 12ರಂತೆ 8 ಸಾಲು, ಒಟ್ಟು 96 ಗುಳಿಗಳಿರುತ್ತವೆ. ಒಂದೊಂದು ಗುಳಿಗೆ ಹಾಕುವ ದ್ರವ ಎರಡರಿಂದ ನಾಲ್ಕು ಹನಿ, ಅಷ್ಟೆ.

ಇದರ ಮೊದಲ ರೂಪ ಹುಟ್ಟಿದ್ದು ಹಂಗೇರಿ ದೇಶದಲ್ಲಿ, 1951ರಲ್ಲಿ. ಇನ್‌ಫ್ಲುಯೆಂಜಾ ಜ್ವರ ಹರಡಿದ್ದ ಕಾಲ. ಪರೀಕ್ಷೆಗಳು ಹೆಚ್ಚಿದವು, ಗಾಜಿನ ಸಲಕರಣೆಗಳು ಸಾಲದಾದವು. ಆಗ ಡಾ. ಗ್ಯುಲಾ ತಕಾಚಿ ಎಂಬುವರು ಪ್ಲಾಸ್ಟಿಕ್ ಹಲಗೆಯಲ್ಲಿ ಸಾಲುಸಾಲಾಗಿ ಗುಳಿ ಕೊರೆಸಿ, ಅವನ್ನೇ ಪುಟ್ಟ ಪರೀಕ್ಷಾ ನಳಿಕೆಗಳಂತೆ ಬಳಸಿದರು. ಕೊರತೆಯೇ ಹೊಸ ದಾರಿ ತೋರಿಸಿತು.

ಈಗ ಕೆಲಸ ನಡೆಯುವ ಬಗೆ ನೋಡೋಣ. ಕ್ಯಾನ್ಸರಿಗೆ ಹೊಸ ಔಷಧವೊಂದನ್ನು ಪರೀಕ್ಷಿಸಬೇಕು ಎನ್ನಿ. ಮೊದಲು ಕ್ಯಾನ್ಸರಿನ ಜೀವಕೋಶಗಳನ್ನು ಎಣಿಸಿ, ಪೋಷಕ ದ್ರವದೊಡನೆ ಪ್ರತಿ ಗುಳಿಗೂ ಸಮನಾಗಿ ಹಂಚುತ್ತಾರೆ. ನಮ್ಮ ಮೈಯ ಕಾವಿನಷ್ಟೇ, ಅಂದರೆ 37 ಡಿಗ್ರಿ ಸೆಲ್ಸಿಯಸ್ ಕಾವಿರುವ ಪೆಟ್ಟಿಗೆಯಲ್ಲಿ ಒಂದು ದಿನ ಇಟ್ಟರೆ ಅವು ಗುಳಿಯ ತಳಕ್ಕೆ ಅಂಟಿ ಬೆಳೆಯತೊಡಗುತ್ತವೆ. ಆಮೇಲೆ ಔಷಧ ಹಾಕುತ್ತಾರೆ. ಮೊದಲ ಗುಳಿಗೆ ಪೂರ್ತಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಅದರರ್ಧ. ಹೀಗೆ ಇಳಿಯುತ್ತ ಹೋಗುತ್ತದೆ. ಪ್ರತಿ ಪ್ರಮಾಣವನ್ನೂ ಮೂರು ಗುಳಿಗಳಲ್ಲಾದರೂ ಹಾಕುತ್ತಾರೆ. ಒಂದರಲ್ಲಿ ಕೈತಪ್ಪಿದರೆ ಉಳಿದೆರಡು ಸಾಕ್ಷಿ ಹೇಳುತ್ತವೆ.

ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಔಷಧ ಹಾಕದೆ ಬಿಟ್ಟ ಗುಳಿಗಳು. ಅಲ್ಲಿಯೂ ಜೀವಕೋಶಗಳು ಸತ್ತಿದ್ದರೆ, ಕೊಂದದ್ದು ಔಷಧವಲ್ಲ, ಬೇರೇನೋ ಎಂದರ್ಥ. ಔಷಧವನ್ನು ಕರಗಿಸಿದ ದ್ರವವನ್ನು ಮಾತ್ರ ಹಾಕಿದ ಗುಳಿಗಳನ್ನೂ ಇದಕ್ಕಾಗಿಯೇ ಇಡುತ್ತಾರೆ. ಹೊಲದಲ್ಲಿ ಗೊಬ್ಬರ ಹಾಕದ ಒಂದು ಪಟ್ಟಿ ಬಿಟ್ಟು ಬೆಳೆ ಹೋಲಿಸುವ ರೈತನಿಗೆ ಈ ಮಾತು ಹೊಸದಲ್ಲ.

ಕೊನೆಗೆ ಒಂದು ಹಳದಿ ಬಣ್ಣ ಬೆರೆಸುತ್ತಾರೆ. ಬದುಕಿರುವ ಜೀವಕೋಶಗಳು ಅದನ್ನು ನೇರಳೆಗೆ ತಿರುಗಿಸುತ್ತವೆ, ಸತ್ತವು ತಿರುಗಿಸಲಾರವು. 1983ರಲ್ಲಿ ಪ್ರಕಟವಾದ ವಿಧಾನವಿದು. ಯಾವ ಗುಳಿ ಎಷ್ಟು ನೇರಳೆ ಎಂಬುದನ್ನು ಯಂತ್ರವೊಂದು ಬೆಳಕು ಹಾಯಿಸಿ ಅಳೆಯುತ್ತದೆ.

ತಟ್ಟೆಗೂ ಒಂದು ದೋಷವುಂಟು. ಹಂಚಿನಲ್ಲಿ ನಡುವಿನ ಪಡ್ಡು ಬೇಗ ಕೆಂಪಾಗುವಂತೆ, ಇಲ್ಲಿ ಅಂಚಿನ ಗುಳಿಗಳು ಬೇಗ ಆರುತ್ತವೆ. ಆರಿದರೆ ದ್ರವ ಗಟ್ಟಿಯಾಗಿ ಲೆಕ್ಕ ತಪ್ಪುತ್ತದೆ. ಅದಕ್ಕೇ ಅನುಭವಿಗಳು ಅಂಚಿನ ಗುಳಿಗಳಿಗೆ ಶುದ್ಧ ನೀರು ತುಂಬಿಸಿ, ಒಳಗಿನವನ್ನು ಮಾತ್ರ ಪರೀಕ್ಷೆಗೆ ಬಳಸುವುದುಂಟು.

ಇದನ್ನೆಲ್ಲ ನಿಮಗೆ ಹೇಳುವುದಕ್ಕೆ ಕಾರಣವಿದೆ. “ಈ ಸೊಪ್ಪಿನ ರಸ ಕ್ಯಾನ್ಸರನ್ನು ಕೊಲ್ಲುತ್ತದೆ, ಪ್ರಯೋಗಶಾಲೆಯಲ್ಲಿ ಸಿದ್ಧವಾಗಿದೆ” ಎಂದು ಪತ್ರಿಕೆಯ ತುಣುಕು ಹಿಡಿದು ಬರುವವರು ಎಲ್ಲ ಭಾಷೆಯಲ್ಲೂ ಇದ್ದಾರೆ. ಅವರ ಮಾತು ಸುಳ್ಳೇ ಆಗಿರಬೇಕೆಂದಿಲ್ಲ. ಆದರೆ ಗುಳಿಯೊಳಗಿನ ಜೀವಕೋಶಗಳನ್ನು ಉಪ್ಪುನೀರೂ ಕೊಲ್ಲುತ್ತದೆ, ವಿನಿಗರೂ ಕೊಲ್ಲುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆ: ಪಕ್ಕದ ಗುಳಿಯಲ್ಲಿದ್ದ ಆರೋಗ್ಯವಂತ ಜೀವಕೋಶ ಉಳಿಯಿತೆ? ಎಷ್ಟು ಪ್ರಮಾಣಕ್ಕೆ? ಆಮೇಲೆ ಪ್ರಾಣಿಗಳಲ್ಲಿ, ಒಪ್ಪಿಗೆ ಕೊಟ್ಟ ರೋಗಿಗಳಲ್ಲಿ ಪರೀಕ್ಷೆ ನಡೆಯಿತೆ?

ಗುಳಿಗೆ ಹೊಟ್ಟೆಯಿಲ್ಲ, ಪಿತ್ತಕೋಶವಿಲ್ಲ, ಹರಿಯುವ ರಕ್ತವಿಲ್ಲ. ಅಲ್ಲಿ ಗೆದ್ದ ಔಷಧ ಮೊದಲ ಮೆಟ್ಟಿಲು ಹತ್ತಿದೆ, ಅಷ್ಟೆ. ಆ ಒಂದು ಮೆಟ್ಟಿಲನ್ನು ನಂಬಿ ಆಸ್ಪತ್ರೆಯ ಚಿಕಿತ್ಸೆ ಬಿಟ್ಟವರಿಗೆ ಕಳೆದ ತಿಂಗಳುಗಳು ಮರಳಿ ಸಿಗುವುದಿಲ್ಲ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಯಾರಾದರೂ ಹಾಗೆ ಹೊರಟಿದ್ದರೆ, ಅವರಿಗೆ ತಿಳಿಯುವ ಭಾಷೆಯಲ್ಲಿ ಈ ಪಡ್ಡಿನ ಹಂಚಿನ ಕಥೆ ಹೇಳಿ.