ಎರಡು ಕಲ್ಯಾಣಗಳು: ಒಂದು ಸ್ಥಳನಾಮ ವಿವೇಚನೆ

ಮಧ್ಯಕಾಲೀನ ಕನ್ನಡ ಆಕರಗಳನ್ನು ಬಳಸುವ ಹೊರನಾಡಿನ ಸಂಶೋಧಕರು ‘ಕಲ್ಯಾಣ’ವೆಂಬ ಹೆಸರು ಬಂದೆಡೆ ಎಚ್ಚರ ವಹಿಸಬೇಕಾಗುತ್ತದೆ. ಪುಣೆಯ ಯೆರವಡಾದಲ್ಲಿರುವ ಡೆಕ್ಕನ್ ಕಾಲೇಜಿನಲ್ಲಿ ಅಧ್ಯಯನ ನಡೆಸುವವರಿಗೆ ಈ ಹೆಸರಿನ ಊರು ಎರಡು ದಿಕ್ಕಿನಲ್ಲಿದೆ: ವಾಯವ್ಯಕ್ಕೆ, ಮುಂಬಯಿ ರೈಲುಮಾರ್ಗದಲ್ಲಿ, ಠಾಣೆ ಜಿಲ್ಲೆಯ ಕಲ್ಯಾಣ, ಪೂರ್ವಕ್ಕೆ, ಸೊಲ್ಲಾಪುರದಾಚೆ, ಬೀದರ ಜಿಲ್ಲೆಯ ಬಸವಕಲ್ಯಾಣ.

ಮೊದಲನೆಯದು ಉಲ್ಹಾಸ ನದಿಯ ದಡದ ಪ್ರಾಚೀನ ರೇವುಪಟ್ಟಣ. ಕ್ರಿ.ಶ. 1ನೆಯ ಶತಮಾನದ ಗ್ರೀಕ್ ಕೃತಿ ‘ಪೆರಿಪ್ಲಸ್’ ಇದನ್ನು ಹೆಸರಿಸುತ್ತದೆ. ಕಾನ್ಹೇರಿಯ ಗುಹಾಶಾಸನಗಳಲ್ಲಿ ಇಲ್ಲಿಯ ದಾನಿಗಳ ಉಲ್ಲೇಖವಿದೆ. ದುರ್ಗಾಡಿ ಕೋಟೆ ಇದರ ಇಂದಿನ ಗುರುತು.

ಎರಡನೆಯದು 11ನೆಯ ಶತಮಾನದಲ್ಲಿ ಒಂದನೆಯ ಸೋಮೇಶ್ವರನು ಮಾನ್ಯಖೇಟವನ್ನು ಬಿಟ್ಟು ರಾಜಧಾನಿಯಾಗಿಸಿಕೊಂಡ ಚಾಲುಕ್ಯರ ನೆಲೆವೀಡು. ಬಿಲ್ಹಣ, ವಿಜ್ಞಾನೇಶ್ವರರು ಬಾಳಿದ್ದು ಇಲ್ಲಿ. 12ನೆಯ ಶತಮಾನದ ಶರಣರ ಕಲ್ಯಾಣವೂ ಇದೇ. ಕೋಟೆ, ತ್ರಿಪುರಾಂತಕ ಕೆರೆ, ನೆರೆಯ ನಾರಾಯಣಪುರದ ಶಿವಾಲಯಗಳು ಇಂದಿಗೂ ಉಳಿದಿವೆ.

ವರ್ತಕರು ಎರಡೂ ಕಡೆ ಇದ್ದುದರಿಂದ ವ್ಯಾಪಾರದ ಪ್ರಸ್ತಾಪವೊಂದೇ ನಿರ್ಣಾಯಕವಲ್ಲ. ಕಡಲು, ರೇವುಗಳ ಸಂದರ್ಭವಿದ್ದರೆ ಕೊಂಕಣವನ್ನೂ, ನೆಲೆವೀಡು, ಬಿಜ್ಜಳ, ಶರಣರ ಸಂದರ್ಭವಿದ್ದರೆ ಬೀದರ ಸೀಮೆಯನ್ನೂ ಗ್ರಹಿಸುವುದು ಯುಕ್ತವೆಂದು ನಾವು ಭಾವಿಸುತ್ತೇವೆ. ‘ಬಸವ’ ಎಂಬ ಪೂರ್ವಪದ ಈಚಿನದು. ಹಳೆಯ ಪಠ್ಯಗಳಲ್ಲಿ ಅದನ್ನು ಅರಸಬಾರದು. ಹೈದರಾಬಾದ್ ಕರ್ನಾಟಕಕ್ಕೆ 2019ರಲ್ಲಿ ಇಟ್ಟ ‘ಕಲ್ಯಾಣ ಕರ್ನಾಟಕ’ವೆಂಬ ಹೆಸರೂ ಈ ಕಲ್ಯಾಣವನ್ನೇ ನೆನೆಯುತ್ತದೆ.

ಸೂಚಿಗಳಲ್ಲಿ ಊರಿನೊಡನೆ ಜಿಲ್ಲೆಯನ್ನೂ ನಮೂದಿಸುವುದು ಸಣ್ಣ ಕೆಲಸ. ಅದನ್ನು ಕಡೆಗಣಿಸಿದರೆ ಶರಣರ ಚಳವಳಿಯೇ ಭೂಪಟದಲ್ಲಿ ಕೊಂಕಣದ ಕಡಲಂಚಿಗೆ ಸರಿದುಹೋದೀತು.