ಕಲಿಕೆ (ಮನೋವಿಜ್ಞಾನ)

ಕಲಿಕೆ ಎಂಬುದು ಅನುಭವದ ಫಲವಾಗಿ ಜೀವಿಯ ವರ್ತನೆಯಲ್ಲಿ, ಇಲ್ಲವೇ ವರ್ತಿಸುವ ಸಾಮರ್ಥ್ಯದಲ್ಲಿ, ಉಂಟಾಗುವ ಸಾಕಷ್ಟು ಸ್ಥಿರವಾದ ಬದಲಾವಣೆ. ಸಂವೇದನೆ, ಸ್ಮೃತಿ, ಪ್ರೇರಣೆ ಮತ್ತು ಭಾವನೆಗಳಂತೆ ಇದೂ ಮನೋವಿಜ್ಞಾನದ ಮೂಲ ಪರಿಕಲ್ಪನೆಗಳಲ್ಲಿ ಒಂದು. ಆಯಾಸ ಅಥವಾ ಕಾಯಿಲೆಯಿಂದ ಬರುವ ತಾತ್ಕಾಲಿಕ ಬದಲಾವಣೆಗಳೂ ವಯಸ್ಸಿನೊಂದಿಗೆ ಸಹಜವಾಗಿ ಆಗುವ ದೈಹಿಕ ಬೆಳವಣಿಗೆಯೂ ಕಲಿಕೆ ಎನಿಸುವುದಿಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಜನಜೀವನದಲ್ಲಿ ಕಲಿಕೆಯ ಮುಖ್ಯ ವಿಧಗಳಿಗೆ ಸ್ಪಷ್ಟ ಉದಾಹರಣೆಗಳು ದೊರೆಯುತ್ತವೆ.

ಅಧ್ಯಯನದ ಹಿನ್ನೆಲೆ

ಕಲಿಕೆಯ ಪ್ರಾಯೋಗಿಕ ಅಧ್ಯಯನ 19ನೇ ಶತಮಾನದ ಕೊನೆಯಲ್ಲಿ ಆರಂಭವಾಯಿತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹಾಸ್ 1885ರಲ್ಲಿ ಸ್ಮೃತಿ ಮತ್ತು ಮರೆವಿನ ಪ್ರಯೋಗಗಳನ್ನು ಪ್ರಕಟಿಸಿದರು. ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಬೆಕ್ಕುಗಳ ಮೇಲೆ ನಡೆಸಿದ ಪ್ರಯತ್ನ-ಪ್ರಮಾದ ಕಲಿಕೆಯ ಪ್ರಯೋಗಗಳನ್ನು ವಿವರಿಸಿದರು. ಭಾರತದಲ್ಲಿ ಮನೋವಿಜ್ಞಾನದ ಮೊದಲ ವಿಭಾಗ 1916ರಲ್ಲಿ ಕಲ್ಕತ್ತ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿಯೂ ಈ ವಿಭಾಗ ಸ್ಥಾಪನೆಯಾಯಿತು. ಅದರ ಮುಖ್ಯಸ್ಥರಾಗಿದ್ದ ಎಂ. ವಿ. ಗೋಪಾಲಸ್ವಾಮಿ ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ವ್ಯಾಸಂಗ ಮಾಡಿದ್ದರು. 1935ರಲ್ಲಿ ಮೈಸೂರಿನಲ್ಲಿ 'ಆಕಾಶವಾಣಿ' ಎಂಬ ಹೆಸರಿನ ಬಾನುಲಿ ಕೇಂದ್ರವನ್ನು ಆರಂಭಿಸಿದವರೂ ಅವರೇ.

ರೂಢಿಗೊಳ್ಳುವಿಕೆ

ಒಂದೇ ಪ್ರಚೋದನೆ ಯಾವುದೇ ಪರಿಣಾಮವಿಲ್ಲದೆ ಮರುಕಳಿಸುತ್ತಿದ್ದಾಗ ಅದಕ್ಕೆ ತೋರುವ ಪ್ರತಿಕ್ರಿಯೆ ಕ್ರಮೇಣ ಕುಗ್ಗುವುದನ್ನು ರೂಢಿಗೊಳ್ಳುವಿಕೆ ಎನ್ನುತ್ತಾರೆ. ಇದು ಕಲಿಕೆಯ ಅತ್ಯಂತ ಸರಳ ರೂಪ. ಇದು ಇಂದ್ರಿಯಗಳ ದಣಿವಲ್ಲ. ಶಬ್ದ ಕೇಳಿಸುತ್ತಿದ್ದರೂ ಜೀವಿ ಅದನ್ನು ಗಣನೆಗೆ ತೆಗೆದುಕೊಳ್ಳುವುದಿಲ್ಲ. ಪ್ರಚೋದನೆ ಬಹುಕಾಲ ನಿಂತು ಮತ್ತೆ ಬಂದರೆ ಹಳೆಯ ಪ್ರತಿಕ್ರಿಯೆ ಭಾಗಶಃ ಮರಳುತ್ತದೆ. ಪ್ರಚೋದನೆ ಅತಿ ತೀವ್ರವಾಗಿದ್ದರೆ ಇದಕ್ಕೆ ವಿರುದ್ಧವಾಗಿ ಪ್ರತಿಕ್ರಿಯೆ ಹೆಚ್ಚಬಹುದು. ಅದನ್ನು ಸಂವೇದನಶೀಲತೆಯ ಹೆಚ್ಚಳ ಎಂದು ಗುರುತಿಸಲಾಗುತ್ತದೆ. ಸಮುದ್ರದ ಬಸವನಹುಳುವಿನ ಮೇಲಿನ ಪ್ರಯೋಗಗಳಿಂದ ಕಲಿಕೆಯ ನರಮಟ್ಟದ ಕಾರ್ಯವಿಧಾನವನ್ನು ತೋರಿಸಿದ ಎರಿಕ್ ಕ್ಯಾಂಡೆಲ್ ಅವರು 2000ದ ನೊಬೆಲ್ ಪ್ರಶಸ್ತಿಯನ್ನು ಇಬ್ಬರೊಂದಿಗೆ ಹಂಚಿಕೊಂಡರು.

ಮೈಸೂರು ದಸರಾದ ಸಿದ್ಧತೆ ಇದಕ್ಕೆ ಪರಿಚಿತ ಉದಾಹರಣೆ. ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವ ಆನೆಗಳು ಮೈಸೂರಿಗೆ ಬಂದ ಮೇಲೆ ಮರಳಿನ ಮೂಟೆ ಹೊತ್ತು ನಡೆಯುವ ಅಭ್ಯಾಸ ಮಾಡುತ್ತವೆ. ಸುಮಾರು 750 ಕಿಲೋಗ್ರಾಂ ತೂಕದ ಚಿನ್ನದ ಅಂಬಾರಿಯನ್ನು ಹೊರಲು ಇದು ಪೂರ್ವಸಿದ್ಧತೆ. ವಿಜಯದಶಮಿಯಂದು 21 ಸುತ್ತು ಕುಶಾಲತೋಪು ಹಾರಿಸುವುದರಿಂದ, ಆನೆ ಮತ್ತು ಕುದುರೆಗಳು ಬೆದರದಂತೆ ಮುಂಚಿತವಾಗಿಯೇ ಫಿರಂಗಿ ಸಿಡಿಸುವ ತಾಲೀಮನ್ನು ಹಲವು ಬಾರಿ ನಡೆಸಲಾಗುತ್ತದೆ. ಶಬ್ದದಿಂದ ಕೇಡಿಲ್ಲವೆಂದು ಪ್ರಾಣಿ ಕಲಿತ ಮೇಲೆ ಜನಸಂದಣಿಯ ನಡುವೆಯೂ ಶಾಂತವಾಗಿ ಸಾಗುತ್ತದೆ.

ಇದೇ ಪ್ರಕ್ರಿಯೆ ನಾಗರಹೊಳೆ ಅರಣ್ಯದ ಅಂಚಿನ ಹೊಲಗಳಲ್ಲಿ ರೈತನಿಗೆ ಪ್ರತಿಕೂಲವಾಗುತ್ತದೆ. ರಾಗಿ, ಭತ್ತ, ಮುಸುಕಿನ ಜೋಳ ಮತ್ತು ಬಾಳೆಯನ್ನು ಕಾಯುವವರು ಪಟಾಕಿ ಸಿಡಿಸಿ, ತಮಟೆ ಬಾರಿಸಿ ಕಾಡಾನೆಗಳನ್ನು ಓಡಿಸುತ್ತಾರೆ. ಸದ್ದಿನ ಹಿಂದೆ ನಿಜವಾದ ಅಪಾಯವಿಲ್ಲದಿದ್ದರೆ ಆನೆಗಳು ಅದಕ್ಕೆ ರೂಢಿಗೊಳ್ಳುತ್ತವೆ. ಆಗ ಕಾವಲುಗಾರ ಆನೆಗೆ ಇನ್ನಷ್ಟು ಹತ್ತಿರ ಹೋಗಬೇಕಾಗುತ್ತದೆ, ಪ್ರಾಣಾಪಾಯವೂ ಹೆಚ್ಚುತ್ತದೆ.

ಅಭಿಜಾತ ಅನುಬಂಧನ

ರಷ್ಯಾದ ಶರೀರವಿಜ್ಞಾನಿ ಇವಾನ್ ಪಾವ್ಲೋವ್ (1849–1936) ನಾಯಿಗಳ ಜೀರ್ಣಕ್ರಿಯೆಯನ್ನು ಅಧ್ಯಯನ ಮಾಡುವಾಗ, ಆಹಾರ ಬಾಯಿಗೆ ಬರುವ ಮೊದಲೇ ಅದರ ಸೂಚನೆಯಿಂದ ಜೊಲ್ಲು ಸುರಿಯುವುದನ್ನು ಗಮನಿಸಿದರು. ಸಹಜವಾಗಿ ಪ್ರತಿಕ್ರಿಯೆ ಹುಟ್ಟಿಸುವ ಪ್ರಚೋದನೆಯೊಂದಿಗೆ ತಟಸ್ಥ ಪ್ರಚೋದನೆಯೊಂದು ಮತ್ತೆ ಮತ್ತೆ ಜೊತೆಗೂಡಿದರೆ, ಕಾಲಕ್ರಮದಲ್ಲಿ ತಟಸ್ಥವಾದುದೇ ಆ ಪ್ರತಿಕ್ರಿಯೆಯನ್ನು ಹುಟ್ಟಿಸುತ್ತದೆ. ಸೂಚನೆ ಬಂದರೂ ಮುಖ್ಯ ಪ್ರಚೋದನೆ ಬಾರದಿದ್ದರೆ ಪ್ರತಿಕ್ರಿಯೆ ಕ್ರಮೇಣ ನಂದುತ್ತದೆ. ಹಾಗೆಂದು ಕಲಿತದ್ದು ಅಳಿಸಿಹೋಗುವುದಿಲ್ಲ. ಕೆಲವು ಕಾಲದ ಬಳಿಕ ಅದು ತಾನಾಗಿ ಮರುಕಳಿಸಬಹುದು.

ಜೇನುಗೂಡುಗಳ ಬೇಲಿಯನ್ನು ಈ ತತ್ತ್ವದಿಂದ ಅರ್ಥಮಾಡಿಕೊಳ್ಳಬಹುದು. ಜೇನಿನ ಕಡಿತಕ್ಕೆ ಆನೆ ಹೆದರುವುದರಿಂದ, ಜೇನಿನ ಗುಂಯ್ಗುಡುವಿಕೆ ಮತ್ತು ವಾಸನೆ ಅಪಾಯದ ಸೂಚನೆಗಳಾಗುತ್ತವೆ. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗವು 2021ರ ಮಾರ್ಚ್‌ನಲ್ಲಿ ನಾಗರಹೊಳೆಗೆ ಹೊಂದಿದ ಕೊಡಗಿನ ಪ್ರದೇಶದಲ್ಲಿ ಇಂತಹ ಯೋಜನೆಯನ್ನು ಆರಂಭಿಸಿತು. ಪಟಾಕಿಯ ಸದ್ದಿನಂತಲ್ಲದೆ, ಇಲ್ಲಿ ಸೂಚನೆಯ ಹಿಂದೆ ನಿಜವಾದ ನೋವು ಇದೆ.

ಕ್ರಿಯಾಜನ್ಯ ಅನುಬಂಧನ

ತೃಪ್ತಿಕರ ಫಲ ನೀಡುವ ವರ್ತನೆ ಬಲಗೊಳ್ಳುತ್ತದೆ ಎಂಬ ಥಾರ್ನ್‌ಡೈಕರ ಪರಿಣಾಮ ನಿಯಮವನ್ನು ಬಿ. ಎಫ್. ಸ್ಕಿನ್ನರ್ (1904–1990) ವಿಸ್ತರಿಸಿದರು. ಒಂದು ವರ್ತನೆ ಮುಂದೆಯೂ ನಡೆಯುವ ಸಾಧ್ಯತೆಯನ್ನು ಹೆಚ್ಚಿಸುವ ಫಲವೇ ಪುನರ್ಬಲನ. ಇಷ್ಟವಾದುದು ದೊರೆತು ವರ್ತನೆ ಬಲಗೊಂಡರೆ ಧನಾತ್ಮಕ ಪುನರ್ಬಲನ, ಕಷ್ಟವಾದುದು ತೊಲಗಿ ಬಲಗೊಂಡರೆ ಋಣಾತ್ಮಕ ಪುನರ್ಬಲನ. ಋಣಾತ್ಮಕ ಪುನರ್ಬಲನವನ್ನು ಶಿಕ್ಷೆಯೆಂದು ಭಾವಿಸುವುದು ತಪ್ಪು: ಶಿಕ್ಷೆ ವರ್ತನೆಯನ್ನು ತಗ್ಗಿಸುತ್ತದೆ, ಇದು ಹೆಚ್ಚಿಸುತ್ತದೆ.

ಆನೆಗಳ ಬೆಳೆ ದಾಳಿಯಲ್ಲಿ ಎರಡೂ ಬಗೆಯ ಪುನರ್ಬಲನಗಳಿವೆ. ಕಾಡಿನ ಮೇವಿಗಿಂತ ಪುಷ್ಟಿಕರವಾದ ಬೆಳೆ ಹೊಲದಲ್ಲಿ ಒಂದೇ ಕಡೆ ಸಿಗುವುದು ಆನೆಯ ಪಾಲಿಗೆ ಧನಾತ್ಮಕ ಪುನರ್ಬಲನ. ಪಟಾಕಿ ಸಿಡಿಸಿದ ಮೇಲೆ ಆನೆ ಒಮ್ಮೆ ಹಿಂದೆ ಸರಿದರೆ, ಭಯ ತೊಲಗಿದ್ದರಿಂದ ರೈತನ ಪಟಾಕಿ ಸಿಡಿಸುವ ವರ್ತನೆಯೂ ಬಲಗೊಳ್ಳುತ್ತದೆ. ಅದು ಋಣಾತ್ಮಕ ಪುನರ್ಬಲನ. ಪ್ರತಿ ಸಲವೂ ದೊರೆಯದೆ ಆಗಾಗ ಮಾತ್ರ ದೊರೆಯುವ ಫಲದಿಂದ ಕಲಿತ ವರ್ತನೆ ಸುಲಭವಾಗಿ ನಂದುವುದಿಲ್ಲ. ಆದ್ದರಿಂದ ಉಪಾಯ ಫಲಕಾರಿಯಲ್ಲದಾದ ಮೇಲೂ ಇಬ್ಬರೂ ಅದೇ ಕ್ರಮವನ್ನು ಮುಂದುವರಿಸುತ್ತಾರೆ. ವಿದ್ಯುತ್ ಹರಿಯುವ ಸೌರ ಬೇಲಿಯನ್ನು ದಂತದಿಂದ ಅಥವಾ ಮರ ಉರುಳಿಸಿ ಮುರಿಯಲು ಆನೆಗಳು ಕಲಿತಿರುವುದೂ ಇದೇ ಬಗೆಯ ಕಲಿಕೆ.

ಅವಲೋಕನಾತ್ಮಕ ಕಲಿಕೆ

ಇತರರ ವರ್ತನೆಯನ್ನು ಮತ್ತು ಅದರ ಫಲವನ್ನು ನೋಡಿ ಕಲಿಯುವುದು ಅವಲೋಕನಾತ್ಮಕ ಕಲಿಕೆ. ಆಲ್ಬರ್ಟ್ ಬಂಡೂರ 1961ರಲ್ಲಿ ಪ್ರಕಟಿಸಿದ ಗೊಂಬೆಯ ಪ್ರಯೋಗದಲ್ಲಿ, ದೊಡ್ಡವರು ಗೊಂಬೆಯನ್ನು ಹೊಡೆಯುವುದನ್ನು ಕಂಡ ಮಕ್ಕಳು ಅದನ್ನೇ ಅನುಕರಿಸಿದರು. ಪಾರಂಪರಿಕ ಕೌಶಲಗಳು ಬಹುಮಟ್ಟಿಗೆ ಹೀಗೆಯೇ ದಾಟುತ್ತವೆ. ಹೆಗ್ಗಡದೇವನಕೋಟೆ ಮತ್ತು ಹುಣಸೂರು ಭಾಗದ ಆನೆ ಶಿಬಿರಗಳಲ್ಲಿ ಮಾವುತರಾಗಿ, ಕಾವಾಡಿಗಳಾಗಿ ದುಡಿಯುವ ಜೇನುಕುರುಬ ಕುಟುಂಬಗಳಲ್ಲಿ ಮಕ್ಕಳು ಹಿರಿಯರ ಜೊತೆಗಿದ್ದು ಆನೆಯ ಸ್ವಭಾವವನ್ನು ಅರಿಯುತ್ತಾರೆ.

ತಂಬಾಕು ಸೇವನೆಯ ಅಭ್ಯಾಸ

ಈ ನಾಲ್ಕೂ ತಾಲ್ಲೂಕುಗಳು ರಾಜ್ಯದಲ್ಲಿ ವರ್ಜೀನಿಯಾ ತಂಬಾಕು ಬೆಳೆಯುವ ಮುಖ್ಯ ಪ್ರದೇಶಕ್ಕೆ ಸೇರಿವೆ. ತಂಬಾಕಿನ ಚಟದಲ್ಲಿ ಕಲಿಕೆಯ ಎಲ್ಲ ಅಂಶಗಳೂ ಕಾಣುತ್ತವೆ. ನಿಕೋಟಿನ್ ನೀಡುವ ಹಿತ ಧನಾತ್ಮಕ ಪುನರ್ಬಲನ. ಬಿಟ್ಟಾಗಿನ ಚಡಪಡಿಕೆ ಮತ್ತೆ ಸೇದಿದೊಡನೆ ಶಮನವಾಗುವುದು ಋಣಾತ್ಮಕ ಪುನರ್ಬಲನ. ಚಹಾ, ಊಟದ ನಂತರದ ಬಿಡುವು, ಜೊತೆಗಾರರ ಕೂಟ ಮುಂತಾದವು ಸೇದುವ ಬಯಕೆಯ ಸೂಚನೆಗಳಾಗುತ್ತವೆ. ಬಿಟ್ಟು ತಿಂಗಳುಗಳಾದ ಮೇಲೂ ಇಂತಹ ಸಂದರ್ಭದಲ್ಲಿ ಬಯಕೆ ಮರುಕಳಿಸುವುದು ಮನೋದೌರ್ಬಲ್ಯದ ಲಕ್ಷಣವಲ್ಲ. ನಂದಿದ ಕಲಿಕೆ ಮರಳುವ ಸಹಜ ಕ್ರಮ. ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ಸೂಚನೆಗಳನ್ನು ಗುರುತಿಸುವುದಕ್ಕೂ ಅವುಗಳಿಗೆ ಬೇರೆ ಪ್ರತಿಕ್ರಿಯೆಯನ್ನು ರೂಢಿಸುವುದಕ್ಕೂ ಈ ಕಾರಣದಿಂದ ಪ್ರಾಮುಖ್ಯವಿದೆ.

ಮಿತಿಗಳು

ಎಲ್ಲ ವರ್ತನೆಗಳನ್ನೂ ಅನುಬಂಧನದಿಂದಷ್ಟೇ ವಿವರಿಸಲಾಗುವುದಿಲ್ಲ. ಪುನರ್ಬಲನವಿಲ್ಲದೆಯೂ ಇಲಿಗಳು ದಾರಿಯ ನಕ್ಷೆಯನ್ನು ಕಲಿಯುತ್ತವೆಂದು ಎಡ್ವರ್ಡ್ ಟೋಲ್ಮನ್ 1930ರ ದಶಕದಲ್ಲಿ ವಾದಿಸಿದರು. ರೈತರು ತಂಬಾಕು ಬೆಳೆಯುವುದಕ್ಕೆ ಮಳೆಯಾಶ್ರಿತ ಭೂಮಿ, ಸಾಲ, ಬ್ಯಾರನ್‌ಗೆ ಹಾಕಿದ ಬಂಡವಾಳ ಮತ್ತು ಖಚಿತ ಮಾರುಕಟ್ಟೆಯಂತಹ ಆರ್ಥಿಕ ಕಾರಣಗಳಿವೆ. ಹಾಗೆಯೇ, ಆನೆಗಳು ಹೊಲಕ್ಕೆ ಬರುವುದಕ್ಕೆ ಆವಾಸದ ಸಂಕೋಚವೂ ಕಾರಣ. ಕಲಿಯುವ ಸಾಮರ್ಥ್ಯವುಳ್ಳ ಪ್ರಾಣಿಯನ್ನು ಬೆದರಿಕೆಯೊಂದರಿಂದಲೇ ಬಹುಕಾಲ ತಡೆಯುವುದು ಕಷ್ಟ. ಈ ಕಾರಣದಿಂದ ನಾಗರಹೊಳೆಯ ಅಂಚಿನಲ್ಲಿ ಆನೆ ಕಂದಕ, ರೈಲು ಕಂಬಿಗಳ ತಡೆಗೋಡೆಯಂತಹ ಭೌತಿಕ ಕ್ರಮಗಳನ್ನೂ ಅನುಸರಿಸಲಾಗುತ್ತಿದೆ.